ಊರಿನ ಮನೆಗೆ ಒಂದು ಬೆಲ್ಟ್: ಕಲ್ಲು-ಇಟ್ಟಿಗೆ ಮನೆ ಭೂಕಂಪದಲ್ಲಿ ನಿಲ್ಲೋದು ಹೇಗೆ?

(ಮಾತಿನ ಪಠ್ಯರೂಪ. ಕೊನೆಯಲ್ಲಿ ಕೇಳುಗರ ಕೆಲವು ಪ್ರಶ್ನೆಗಳೂ ಇವೆ.)



ಇಲ್ಲಿರೋರಲ್ಲಿ ಬಹಳಷ್ಟು ಜನ ಪುಣೆ, ಮುಂಬೈ, ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಇದ್ದೀರಿ. ಆದ್ರೆ ಊರಲ್ಲಿ ಇನ್ನೊಂದು ಮನೆ ಇದೆ. ಅಪ್ಪ-ಅಮ್ಮ ಇರೋ ಮನೆ. ಕೈಗೆ ನಾಲ್ಕು ಕಾಸು ಬಂದ ಮೇಲೆ ನಾವು ಮೊದಲು ಮಾಡೋ ಕೆಲಸ ಆ ಮನೆ ರಿಪೇರಿ. ಟೈಲ್ಸ್ ಹಾಕಿಸ್ತೀವಿ, ಹೊಸ ಬಾತ್‌ರೂಮ್ ಮಾಡಿಸ್ತೀವಿ, ಹಳೇ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸ್ತೀವಿ. ಇವತ್ತಿನ ಮಾತು ಆ ಮನೆಯ ಬಗ್ಗೆ. ಅಲ್ಲಿ ಮಲಗೋರು ನಮ್ಮವರು, ಹಣ ಹೋಗೋದು ನಮ್ಮ ಅಕೌಂಟಿನಿಂದ. ಹಾಗಾಗಿ ಎಂಜಿನಿಯರಿಂಗ್ ಓದದಿದ್ರೂ ನಾಲ್ಕು ವಿಷಯ ನಮಗೆ ಗೊತ್ತಿರಬೇಕು.

ಕಿಲ್ಲಾರಿಯಿಂದ ಶುರು ಮಾಡೋಣ. ಬಸವಕಲ್ಯಾಣ, ಆಳಂದದ ಕಡೆಯಿಂದ ಗಡಿ ದಾಟಿದರೆ ಉಮರ್ಗಾ, ಅದರಾಚೆ ಔಸಾ ತಾಲ್ಲೂಕು. ಕಿಲ್ಲಾರಿ ಇರೋದು ಅಲ್ಲಿ, ಲಾತೂರ್ ಜಿಲ್ಲೆಯಲ್ಲಿ. 1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಜನ ತಡವಾಗಿ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ತೀವ್ರತೆ 6.2. ಸತ್ತವರು ಸುಮಾರು 10,000.

ಈಗ ಒಂದು ಲೆಕ್ಕ ನೋಡಿ. 6.2 ಅನ್ನೋದು ಜಗತ್ತಿನ ಲೆಕ್ಕದಲ್ಲಿ ಮಹಾ ಭೂಕಂಪ ಅಲ್ಲ. ಜಪಾನಿನಲ್ಲಿ, ಚಿಲಿಯಲ್ಲಿ ಇಷ್ಟು ತೀವ್ರತೆಯ ಭೂಕಂಪ ಎಷ್ಟೋ ಸಲ ಬಂದು ಹೋಗಿವೆ, ಸಾವಿನ ಸಂಖ್ಯೆ ಬೆರಳೆಣಿಕೆ ದಾಟಿಲ್ಲ. ಹಾಗಾದ್ರೆ ಕಿಲ್ಲಾರಿಯಲ್ಲಿ ಹತ್ತು ಸಾವಿರ ಜನ ಯಾಕೆ ಸತ್ತರು? ಕಂಪನದ ಮೂಲ ಭೂಮಿಯ ಮೇಲ್ಮೈಗೆ ಹತ್ತಿರ ಇತ್ತು, ಜನ ಒಳಗೆ ಮಲಗಿದ್ದರು, ಎರಡೂ ನಿಜ. ಆದ್ರೆ ಕೊಂದದ್ದು ಮನೆ. ಭೂಕಂಪಕ್ಕಿಂತ ಕಟ್ಟಡವೇ ಜನರನ್ನು ಕೊಲ್ಲುತ್ತೆ ಅಂತ ನಮ್ಮ ವೃತ್ತಿಯಲ್ಲಿ ಒಂದು ಹಳೇ ಮಾತಿದೆ. ಕಿಲ್ಲಾರಿ ಅದಕ್ಕೆ ಸಾಕ್ಷಿ.

ಆ ಮನೆಗಳು ಹೇಗಿದ್ದವು? ಕಲಬುರಗಿ, ಬೀದರ್, ವಿಜಯಪುರದವರಿಗೆ ವರ್ಣನೆ ಬೇಕಿಲ್ಲ, ನೋಡಿ ಬೆಳೆದವರು ನೀವು. ಎರಡು-ಮೂರು ಅಡಿ ದಪ್ಪದ ಕರಿಕಲ್ಲಿನ ಗೋಡೆ. ಕಲ್ಲುಗಳ ನಡುವೆ ಸಿಮೆಂಟ್ ಇಲ್ಲ, ಸುಣ್ಣದ ಗಾರೆ ಇಲ್ಲ, ಬರೀ ಮಣ್ಣು. ಮೇಲೆ ಮರದ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಕಳ್ಳರಿಗೆ ಕನ್ನ ಹಾಕೋಕೆ ಕಷ್ಟ. ನಮ್ಮ ಹಿರಿಯರು ದಡ್ಡರಾಗಿರಲಿಲ್ಲ. ಆ ಹವೆಗೆ, ಕೈಗೆ ಸಿಗೋ ಸಾಮಾನಿಗೆ ಸರಿಯಾದ ಮನೆ ಅದು. ಭೂಕಂಪಕ್ಕೆ ಮಾತ್ರ ಅದರಲ್ಲಿ ಉತ್ತರ ಇರಲಿಲ್ಲ.

ಮೊದಲನೇ ವಿಷಯ: ತೂಕ.

ಬಸ್ಸಿನಲ್ಲಿ ನಿಂತಿರ್ತೀರಿ, ಡ್ರೈವರ್ ಒಮ್ಮೆಲೇ ಬಿಡ್ತಾನೆ. ಕಾಲು ಬಸ್ಸಿನ ಜೊತೆ ಮುಂದೆ ಹೋಗುತ್ತೆ, ಮೈ ಹಿಂದೆ ಉಳಿಯುತ್ತೆ. ಭೂಕಂಪದಲ್ಲಿ ಮನೆಗೆ ಆಗೋದೂ ಇದೇ. ಪಾಯ ನೆಲದ ಜೊತೆ ಅಡ್ಡಡ್ಡ ಓಡುತ್ತೆ, ಮಾಳಿಗೆ ಇದ್ದಲ್ಲೇ ಇರೋಕೆ ನೋಡುತ್ತೆ. ಈ ಎಳೆದಾಟದಲ್ಲಿ ನಡುವೆ ಸಿಕ್ಕಿಕೊಳ್ಳೋದು ಗೋಡೆ. ಮೇಲಿನ ಭಾರ ಎಷ್ಟು ಹೆಚ್ಚೋ ಎಳೆತ ಅಷ್ಟು ಹೆಚ್ಚು.

ಭಾರ ಎಷ್ಟು ಅಂತ ಲೆಕ್ಕ ಹಾಕೋಣ. 3 ಮೀಟರ್ ಅಗಲ, 4 ಮೀಟರ್ ಉದ್ದದ ಒಂದು ಕೋಣೆ. ಮೇಲೆ ಒಂದು ಅಡಿ ಮಣ್ಣು. ಅದರ ತೂಕ ಸುಮಾರು 6 ಟನ್ ಆಗುತ್ತೆ. ಒಂದು ದೊಡ್ಡ ಆನೆಗಿಂತ ಜಾಸ್ತಿ. ಮಾಳಿಗೆ ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕೋ ರೂಢಿ ಇದೆಯಲ್ಲ, ಹಳೇದನ್ನ ಯಾರೂ ಕೆಳಗಿಳಿಸೋದಿಲ್ಲ. ಅಜ್ಜನ ಕಾಲದ ಒಂದು ಅಡಿ ಮೊಮ್ಮಗನ ಕಾಲಕ್ಕೆ ಎರಡು ಅಡಿ. ಆನೆಗಳೂ ಎರಡು.

ಎರಡನೇ ವಿಷಯ: ಗೋಡೆಯ ಒಳಗೆ ಏನಿದೆ?

ಎರಡೂವರೆ ಅಡಿ ದಪ್ಪದ ಗೋಡೆ ನೋಡಿದ್ರೆ ಕೋಟೆ ಅನ್ನಿಸುತ್ತೆ. ಒಳಗೆ ನೋಡಿದ್ರೆ ಅದು ಒಂದು ಗೋಡೆಯೇ ಅಲ್ಲ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ಮಧ್ಯೆ ಚೂರುಗಲ್ಲು, ಮಣ್ಣು. ಅಂದ್ರೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳು ಗೋಡೆ. ನಡುಗಿದಾಗ ಮಧ್ಯದ ಚೂರು ಕೆಳಗಿಳಿದು ಬೆಣೆ ಹೊಡೆದ ಹಾಗೆ ಎರಡೂ ಸಾಲನ್ನು ದೂಡುತ್ತೆ. ಹೊರಗಿನದು ಬೀದಿಗೆ, ಒಳಗಿನದು ಮಲಗಿದವರ ಮೇಲೆ. ಆಮೇಲೆ ತೊಲೆಗೆ ಆಧಾರ ಇಲ್ಲ, ಮಾಳಿಗೆ ಪೂರಾ ಕೆಳಗೆ.

ಇದಕ್ಕೆ ಮದ್ದು ಬಹಳ ಸರಳ. ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದ ಕಲ್ಲು. ಥ್ರೂ ಸ್ಟೋನ್ ಅಂತಾರೆ. ಕಲ್ಲು-ಮಣ್ಣಿನಂಥ ದುರ್ಬಲ ಗೋಡೆಗಳಿಗೆ ಐಎಸ್ 13828 ಅನ್ನೋ ಭಾರತೀಯ ಮಾನಕ ಇದೆ. ಎತ್ತರದಲ್ಲಿ ಪ್ರತಿ 600 ಮಿಲಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದ ಹಾಗೆ ಇಂಥ ಕಲ್ಲು ಇಡಿ ಅನ್ನುತ್ತೆ ಅದು. ಅಷ್ಟು ಉದ್ದದ ಕಲ್ಲು ಸಿಗದಿದ್ರೆ ಕಾಂಕ್ರೀಟ್ ತುಂಡನ್ನೇ ಎರಕ ಹೊಯ್ದು ಇಡಬಹುದು. ಬಟ್ಟೆಗೆ ಹೊಲಿಗೆ ಹಾಕ್ತೀವಲ್ಲ, ಹಾಗೆ. ಮೇಲಿನ ಪದರ, ಕೆಳಗಿನ ಪದರ ಬೇರೆ ಆಗಬಾರದು. ಕಲ್ಲಿನ ಗೋಡೆ 450 ಮಿಲಿಮೀಟರಿಗಿಂತ ದಪ್ಪ ಬೇಡ ಅಂತಲೂ ಹೇಳ್ತಾರೆ. ಬಹಳ ಜನಕ್ಕೆ ಇದು ಆಶ್ಚರ್ಯ. ದಪ್ಪ ಹೆಚ್ಚಾದಷ್ಟೂ ಒಳಗೆ ತುಂಬೋ ಚೂರು ಹೆಚ್ಚು, ತೂಕ ಹೆಚ್ಚು, ಹೊಲಿಗೆ ಸಡಿಲ.

ಮೂರನೇ ವಿಷಯ ಇವತ್ತಿನ ಮುಖ್ಯ ವಿಷಯ: ಪೆಟ್ಟಿಗೆ.

ಇಲ್ಲಿ ಮೇಜಿನ ಮೇಲೆ ಒಂದು ದಪ್ಪ ರಟ್ಟಿನ ಪುಸ್ತಕ ನಿಲ್ಲಿಸಿದ್ದೀನಿ. ಅಗಲವಾದ ಮುಖಕ್ಕೆ ಬೆರಳಿನಿಂದ ತಳ್ತೀನಿ, ದಡಕ್ಕನೆ ಬಿತ್ತು. ಈಗ ಮತ್ತೆ ನಿಲ್ಲಿಸಿ, ಬೆನ್ನಿನ ಕಡೆಯಿಂದ ಉದ್ದಕ್ಕೆ ತಳ್ತೀನಿ. ಜಾರುತ್ತೆ, ಬೀಳೋದಿಲ್ಲ. ಗೋಡೆಯ ಗುಣವೂ ಇದೇ. ಉದ್ದದ ದಿಕ್ಕಿನಲ್ಲಿ ಅದು ಪೈಲ್ವಾನ್, ಅಡ್ಡ ದಿಕ್ಕಿನಲ್ಲಿ ಕೂಸು. ಭೂಕಂಪ ಯಾವ ದಿಕ್ಕಿನಿಂದ ತಳ್ಳುತ್ತೆ ಅಂತ ಹೇಳಿ ಬರೋದಿಲ್ಲ. ಹಾಗಾಗಿ ಮನೆಯಲ್ಲಿ ಯಾವಾಗಲೂ ಎರಡು ಗೋಡೆ ಬಲದ ದಿಕ್ಕಿನಲ್ಲಿ, ಎರಡು ಗೋಡೆ ದುರ್ಬಲ ದಿಕ್ಕಿನಲ್ಲಿ ಇರ್ತವೆ. ಕೂಸನ್ನು ಪೈಲ್ವಾನ್ ಹಿಡಿದುಕೊಂಡರೆ ಬದುಕಿತು. ಹಿಡಿದುಕೊಳ್ಳೋದು ಎಲ್ಲಿ? ಮೂಲೆಯಲ್ಲಿ.

ಮುಚ್ಚಳ ಹಾಕಿದ ಒಂದು ಶೂ ಬಾಕ್ಸ್ ತಗೊಳ್ಳಿ, ಅಲ್ಲಾಡಿಸಿ. ಏನೂ ಆಗೋದಿಲ್ಲ. ಮುಚ್ಚಳ ತೆಗೆದು ನಾಲ್ಕೂ ಮೂಲೆ ಬ್ಲೇಡಿನಿಂದ ಸೀಳಿ, ಈಗ ಅಲ್ಲಾಡಿಸಿ. ನಾಲ್ಕು ಹಾಳೆ ನಾಲ್ಕು ದಿಕ್ಕಿಗೆ. ರಟ್ಟು ಅದೇ, ದಪ್ಪ ಅದೇ, ಬದಲಾಗಿದ್ದು ಜೋಡಣೆ ಮಾತ್ರ. ನಮ್ಮ ಊರುಗಳ ಮನೆಯ ಮೂಲೆಗಳಲ್ಲಿ ಎರಡು ಗೋಡೆ ಒಂದಕ್ಕೊಂದು ಹಲ್ಲು ಕಚ್ಚಿರೋದಿಲ್ಲ. ಮೊದಲು ಒಂದು ಗೋಡೆ ಏಳುತ್ತೆ, ಆಮೇಲೆ ಇನ್ನೊಂದು ಬಂದು ಅದಕ್ಕೆ ಒರಗುತ್ತೆ. ಸೀಳಿದ ಶೂ ಬಾಕ್ಸ್ ಅದು.

ಹಾಗಾದ್ರೆ ಪೆಟ್ಟಿಗೆಯನ್ನು ಕಟ್ಟಿ ಹಿಡಿಯೋದು ಹೇಗೆ? ಸುತ್ತಲೂ ಒಂದು ಬೆಲ್ಟ್. ಎಂಜಿನಿಯರುಗಳು ಬ್ಯಾಂಡ್ ಅಂತಾರೆ. ಪಾಯದ ಮೇಲೆ ನೆಲದ ಮಟ್ಟದಲ್ಲಿ ಒಂದು, ಬಾಗಿಲು-ಕಿಟಕಿಗಳ ತಲೆಯ ಮಟ್ಟದಲ್ಲಿ ಒಂದು, ಮಾಳಿಗೆಯ ಕೆಳಗೆ ಒಂದು. ಮಲೆನಾಡು, ಕರಾವಳಿಯ ಹಂಚಿನ ಮನೆಗೆ ಎರಡೂ ತುದಿಯಲ್ಲಿ ತ್ರಿಕೋನದ ಗೋಡೆ ಇರುತ್ತಲ್ಲ, ಯಾರ ಹಂಗೂ ಇಲ್ಲದೆ ನಿಂತಿರೋ ಅದಕ್ಕೂ ಒಂದು. ಇವುಗಳಲ್ಲಿ ಒಂದನ್ನೇ ಹಾಕೋಕೆ ಆಗೋದು ಅಂದ್ರೆ ಲಿಂಟೆಲ್ ಬ್ಯಾಂಡ್ ಹಾಕಿ.

ಈಗ ಗಮನ ಇಟ್ಟು ಕೇಳಿ. ಊರಿನಲ್ಲಿ ಗೌಂಡಿ ಲಿಂಟೆಲ್ ಹಾಕೇ ಹಾಕ್ತಾನೆ. ಬಾಗಿಲ ಮೇಲೊಂದು ತುಂಡು, ಕಿಟಕಿ ಮೇಲೊಂದು ತುಂಡು. ಆ ತುಂಡುಗಳನ್ನು ಸೇರಿಸಿ ಸುತ್ತಲೂ ಒಂದೇ ಮಾಡಿಸಬೇಕು, ನಡುವಿನ ಅಡ್ಡಗೋಡೆಯ ಮೇಲೂ ಹಾಯಿಸಬೇಕು. ಇಷ್ಟೇ ವ್ಯತ್ಯಾಸ. ಇಷ್ಟರಲ್ಲೇ ಜೀವ ಇದೆ.

ಖರ್ಚು ಎಷ್ಟು? 30 ಅಡಿಗೆ 20 ಅಡಿ ಮನೆ, ಮಧ್ಯೆ ಒಂದು ಅಡ್ಡಗೋಡೆ. ಎಲ್ಲಾ ಗೋಡೆ ಸೇರಿ 120 ಅಡಿ, ಅಂದ್ರೆ ಸುಮಾರು 36 ಮೀಟರ್. ಮಾನಕದ ಪ್ರಕಾರ ಬ್ಯಾಂಡ್ ಕನಿಷ್ಠ 75 ಮಿಲಿಮೀಟರ್ ದಪ್ಪ ಇರಬೇಕು. ಒಳಗೆ ಕನಿಷ್ಠ ಎರಡು 8 ಮಿಲಿಮೀಟರ್ ಸರಳು, ಅವೆರಡನ್ನೂ ಕಟ್ಟೋಕೆ ಪ್ರತಿ 150 ಮಿಲಿಮೀಟರಿಗೆ ಒಂದು 6 ಮಿಲಿಮೀಟರ್ ಅಡ್ಡಸರಳು. ಒಂಬತ್ತು ಇಂಚಿನ ಗೋಡೆಗೆ ಲೆಕ್ಕ ಹಾಕಿ: ಕಬ್ಬಿಣ ಸುಮಾರು 45 ಕೆಜಿ, ಸಿಮೆಂಟ್ ಸುಮಾರು 5 ಚೀಲ, ಅದಕ್ಕೆ ತಕ್ಕ ಮರಳು-ಜಲ್ಲಿ. ದಪ್ಪ ಕಲ್ಲಿನ ಗೋಡೆಯಾದ್ರೆ ಕಾಂಕ್ರೀಟ್ ಇದರ ಎರಡರಷ್ಟು ಅಂತ ಇಟ್ಟುಕೊಳ್ಳಿ. ಆದರೂ ಸಾಮಾನಿನ ಬೆಲೆ ನಮ್ಮ ಜೇಬಿನಲ್ಲಿರೋ ಫೋನಿನ ಬೆಲೆ ದಾಟೋದು ಕಷ್ಟ.

ಇದೇನು ಹೊಸ ವಿದ್ಯೆಯೂ ಅಲ್ಲ. 1931ರಲ್ಲಿ ಬಲೂಚಿಸ್ತಾನದ ಮಚ್ ಎಂಬಲ್ಲಿ ಭೂಕಂಪ ಆಯ್ತು. ಆಮೇಲೆ ಎಸ್. ಎಲ್. ಕುಮಾರ್ ಎಂಬ ಯುವ ರೈಲ್ವೆ ಎಂಜಿನಿಯರ್ ಕ್ವೆಟ್ಟಾದಲ್ಲಿ ರೈಲ್ವೆ ನೌಕರರಿಗೆ ಭೂಕಂಪ ತಡೆಯೋ ಮನೆಗಳನ್ನು ವಿನ್ಯಾಸ ಮಾಡಿದರು. 1935ರ ಮೇ 31ರಂದು ಕ್ವೆಟ್ಟಾ ನಗರವೇ ನೆಲಸಮ ಆಯ್ತು, ಹತ್ತಾರು ಸಾವಿರ ಜನ ಸತ್ತರು. ಕುಮಾರ್ ಅವರ ಮನೆಗಳು ನಿಂತವು. ಅಂದ್ರೆ ಕಿಲ್ಲಾರಿ ಬೀಳೋ ಹೊತ್ತಿಗೆ ಈ ಉಪಖಂಡದಲ್ಲಿ ಉತ್ತರ ಗೊತ್ತಾಗಿ 58 ವರ್ಷ ಆಗಿತ್ತು. ಪುಸ್ತಕದಲ್ಲಿತ್ತು, ಮಾನಕದಲ್ಲಿತ್ತು. ಗೌಂಡಿಯ ಕೈಗೆ ಬಂದಿರಲಿಲ್ಲ.

"ನಮ್ಮ ಕಡೆ ಭೂಕಂಪ ಎಲ್ಲಿ ಬರುತ್ತೆ, ನಮ್ಮದು ಗಟ್ಟಿ ದಖ್ಖನ್ ಭೂಮಿ" ಅಂತ ಕೆಲವರು ಹೇಳ್ತಾರೆ. ಭೂಕಂಪ ವಲಯದ ನಕ್ಷೆಯಲ್ಲಿ ಕಿಲ್ಲಾರಿ ಆಗ ವಲಯ 1ರಲ್ಲಿ ಇತ್ತು, ಅಂದ್ರೆ ಅತಿ ಕಡಿಮೆ ಅಪಾಯ. ಆ ಅನುಭವದ ನಂತರ 2002ರ ಪರಿಷ್ಕರಣೆಯಲ್ಲಿ ವಲಯ 1 ಅನ್ನೋದನ್ನೇ ತೆಗೆದುಹಾಕಿದರು. ಆ ನಕ್ಷೆಯ ಪ್ರಕಾರ ಬೆಂಗಳೂರು, ಹೈದರಾಬಾದ್ ವಲಯ 2. ಪುಣೆ, ಮುಂಬೈ, ಚೆನ್ನೈ ವಲಯ 3. ದೆಹಲಿ ವಲಯ 4. ಅದಕ್ಕೂ ಮುಂಚೆ, 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಸುಮಾರು 180 ಜನ ಸತ್ತಿದ್ದರು. ಅದೂ ಇದೇ ದಖ್ಖನ್. ತೀರಾ ಈಚೆಗೆ, 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಮತ್ತೆ ಮತ್ತೆ ನೆಲ ನಡುಗಿ ಜನ ಮನೆಯ ಹೊರಗೆ ರಾತ್ರಿ ಕಳೆದರು. ಹೆದರಿಸೋಕೆ ಹೇಳ್ತಾ ಇಲ್ಲ. ಸಣ್ಣ ಕಂಪನ ಬಂದಲ್ಲೆಲ್ಲ ದೊಡ್ಡದು ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಕಿಲ್ಲಾರಿಯಲ್ಲೂ ಹಿಂದಿನ ವರ್ಷ, 1992ರ ಕೊನೆಯ ತಿಂಗಳುಗಳಲ್ಲಿ, ಸಣ್ಣ ಕಂಪನಗಳು ಆಗಿದ್ದವು. ಭೂಕಂಪ ಯಾವತ್ತು ಬರುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಲಿಂಟೆಲ್ ನಮ್ಮ ಕೈಯಲ್ಲಿದೆ.

ಇನ್ನು ಈಗಾಗಲೇ ನಿಂತಿರೋ ಮನೆ. ಅದನ್ನು ಕೆಡವಲೇಬೇಕಾ? ಬೇಕಿಲ್ಲ. ಕಿಲ್ಲಾರಿಯ ನಂತರ ಸುಮಾರು 50 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಿದರು. ಮಿಕ್ಕ ಎಷ್ಟೋ ಹಳ್ಳಿಗಳಲ್ಲಿ ಇದ್ದ ಮನೆಗಳನ್ನೇ ಬಲಪಡಿಸೋ ಕೆಲಸ ನಡೆಯಿತು. ಆ ವಿಧಾನ ಹೀಗಿದೆ. ಗೋಡೆಯಿಂದ ನಿಧಾನವಾಗಿ ಕೆಲವು ಕಲ್ಲು ಬಿಡಿಸಿ ಆರ್‌ಪಾರ್ ಒಂದು ತೂತು ಮಾಡ್ತಾರೆ. ಎರಡೂ ತುದಿ ಕೊಕ್ಕೆಯಂತೆ ಬಾಗಿಸಿದ ಒಂದು ಸರಳು ಒಳಗಿಟ್ಟು ಕಾಂಕ್ರೀಟ್ ತುಂಬ್ತಾರೆ. ಥ್ರೂ ಸ್ಟೋನ್ ಕೆಲಸವನ್ನು ಅದು ಮಾಡುತ್ತೆ. ಆಮೇಲೆ ಲಿಂಟೆಲ್ ಮಟ್ಟದಲ್ಲಿ ಗೋಡೆಯ ಮೈಮೇಲೆ ವೆಲ್ಡ್ ಮೆಶ್ ಜಾಲರಿ ಸುತ್ತಿ, ಗೋಡೆಗೆ ಬಿಗಿದು, ಸಿಮೆಂಟ್ ಗಾರೆ ಮೆತ್ತುತ್ತಾರೆ. ಅದೇ ಬೆಲ್ಟ್. ಮೂರನೇದು, ಮಾಳಿಗೆ ಮೇಲಿನ ಮಣ್ಣು ಇಳಿಸೋದು. ಎರಡು ಅಡಿ ಇದ್ದದ್ದನ್ನು ಅರ್ಧ ಅಡಿಗೆ ತಂದು, ಸೋರದ ಹಾಗೆ ಒಂದು ಹಾಳೆ ಹಾಸಿದರೆ ಆನೆಗಳು ಕೆಳಗಿಳಿದ ಹಾಗೆ. ಈ ಕೆಲಸಕ್ಕೆ ಅನುಭವ ಇರೋ ಎಂಜಿನಿಯರ್ ಮುಂದೆ ನಿಲ್ಲಲೇಬೇಕು. ಕಲ್ಲು ಬಿಡಿಸೋವಾಗ ಅವಸರ ಮಾಡಿದ್ರೆ ಗೋಡೆಯೇ ಕೂತುಬಿಡುತ್ತೆ.

ಕಿಲ್ಲಾರಿಯಲ್ಲಿ ಇನ್ನೊಂದು ಕಂಡಿತ್ತು. ಕೆಲವು ಮನೆಗಳಲ್ಲಿ ಮಾಳಿಗೆಯ ಭಾರ ಗೋಡೆಯ ಮೇಲೆ ಇರಲಿಲ್ಲ, ಗೋಡೆಯ ಒಳಬದಿಗೆ ನಿಲ್ಲಿಸಿದ ಮರದ ಕಂಬಗಳ ಮೇಲಿತ್ತು. ಅಂಥ ಕಡೆ ಗೋಡೆ ಬಿದ್ದರೂ ಎಷ್ಟೋ ಮನೆಗಳ ಕಂಬ-ತೊಲೆ ಹಾಗೇ ನಿಂತು ಮಾಳಿಗೆಯನ್ನು ಹಿಡಿದಿದ್ದವು. ನಿಮ್ಮ ಹಳೇ ಮನೆಯಲ್ಲಿ ಕಂಬಗಳಿದ್ರೆ, ಹಾಲ್ ದೊಡ್ಡದು ಕಾಣಲಿ ಅಂತ ತೆಗೆಸೋಕೆ ಹೋಗಬೇಡಿ.

ಕೊನೆಗೆ, ಫೋನಿನಲ್ಲಿ ಹೇಳಬಹುದಾದ ಮಾತುಗಳು. ಊರಲ್ಲಿ ಕೆಲಸ ಶುರುವಾದಾಗ ನಾವು ಅಲ್ಲಿ ಇರೋದಿಲ್ಲ. ಅಪ್ಪ ಇರ್ತಾರೆ, ಗೌಂಡಿ ಇರ್ತಾನೆ. "ಐಎಸ್ 4326 ಪ್ರಕಾರ ಕಟ್ಟಿಸಿ" ಅಂದ್ರೆ ಇಬ್ಬರೂ ಹೂಂ ಅಂದು ಸುಮ್ಮನಾಗ್ತಾರೆ. ಹೀಗೆ ಹೇಳಿ: ಲಿಂಟೆಲ್ ತುಂಡು ತುಂಡು ಬೇಡ, ಸುತ್ತಲೂ ಒಂದೇ ಇರಲಿ. ಮೂಲೆಯಲ್ಲಿ ಸರಳು ಕತ್ತರಿಸಬೇಡಿ, ಬಗ್ಗಿಸಿ ಪಕ್ಕದ ಗೋಡೆಗೆ ಒಯ್ಯಿರಿ. ಬಾಗಿಲು, ಕಿಟಕಿ ಮೂಲೆಗೆ ಅಂಟಿಸಬೇಡಿ, ಎರಡು ಅಡಿ ಬಿಡಿ. ಒಂದು ಗೋಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲು-ಕಿಟಕಿ ಬೇಡ. ಮೂಲೆಗಳಲ್ಲಿ ಪಾಯದಿಂದ ಮೇಲಿನ ಬ್ಯಾಂಡ್‌ವರೆಗೆ ಒಂದು ನಿಂತ ಸರಳು ಇರಲಿ. ಕಾಂಕ್ರೀಟ್ ಸುರಿಯೋ ಮುಂಚೆ ನಾಲ್ಕೂ ಮೂಲೆಯ ಫೋಟೋ ವಾಟ್ಸಾಪ್ ಮಾಡಿ, ನೋಡಿದ ಮೇಲೆ ಸುರಿಯಿರಿ. ಟೈಲ್ಸ್ ಬಣ್ಣಕ್ಕೆ ಹತ್ತು ಫೋಟೋ ತರಿಸ್ತೀವಲ್ಲ, ಇದಕ್ಕೆ ನಾಲ್ಕು ತರಿಸೋಣ.

ಪ್ರಶ್ನೆಗಳು

ಪ್ರಶ್ನೆ: ನಮ್ಮದು ಕಲ್ಲು-ಮಣ್ಣಿನ ಗೋಡೆ. ಅದರ ಮೇಲೇ ಸ್ಲ್ಯಾಬ್ ಹಾಕಿಸಿ, ಮೇಲೊಂದು ಅಂತಸ್ತು ಎಬ್ಬಿಸೋಣ ಅಂತಾರೆ ನಮ್ಮಪ್ಪ. ಮಾಡಿಸಬಹುದಾ ಸರ್?

ಬೇಡ. ಸ್ಲ್ಯಾಬ್ ಕೆಟ್ಟದ್ದಲ್ಲ, ಎರಡು ಅಡಿ ಮಣ್ಣಿಗಿಂತ ಹಗುರವೇ. ತೊಂದರೆ ಇರೋದು ಅದರ ಕೆಳಗಿನ ಗೋಡೆಯಲ್ಲಿ. 2001ರ ಜನವರಿ 26ರಂದು ಕಚ್ಛ್‌ನಲ್ಲಿ ದುರ್ಬಲ ಕಲ್ಲಿನ ಗೋಡೆ ಜಾರಿ, ಮೇಲಿನ ಸ್ಲ್ಯಾಬ್ ಇಡಿಯಾಗಿ ಕೆಳಗೆ ಕೂತ ಮನೆಗಳು ಬಹಳ. ಮಣ್ಣಿನ ಗಾರೆಯ ಕಲ್ಲುಗೋಡೆಗೆ ಒಂದೇ ಅಂತಸ್ತು ಮಿತಿ. ಸಿಮೆಂಟ್ ಗಾರೆಯಾದ್ರೆ ಎರಡು. ತಂದೆಯವರಿಗೆ ಕೋಣೆ ಬೇಕಿದ್ರೆ ಪಕ್ಕದ ಜಾಗದಲ್ಲಿ ಪಾಯದಿಂದ ಹೊಸದಾಗಿ, ಬ್ಯಾಂಡ್ ಹಾಕಿ ಕಟ್ಟಿಸಿ. ಬೇಡ ಅಂತಷ್ಟೇ ಹೇಳಿದ್ರೆ ಅವರಿಗೆ ಬೇಜಾರಾಗುತ್ತೆ, ಎಲ್ಲಿ ಕಟ್ಟಬಹುದು ಅಂತಲೂ ಹೇಳಿ.

ಪ್ರಶ್ನೆ: ಕಲ್ಲಿನ ಮನೆ ಸಹವಾಸವೇ ಬೇಡ, ತಗಡು ಹಾಕಿಬಿಟ್ಟರೆ?

ತಗಡು ಹಗುರ, ಅದು ಲಾಭ. ಕಿಲ್ಲಾರಿಯ ನಂತರ ಕಲ್ಲುಮನೆಗೆ ಹೆದರಿ ತಗಡಿನ ಶೆಡ್ಡಿಗೆ ಹೋದವರು ಇದ್ದಾರೆ. ಆದ್ರೆ ತಗಡು ಗೋಡೆಗಳನ್ನು ಹಿಡಿದು ನಿಲ್ಲಿಸೋದಿಲ್ಲ, ಶೂ ಬಾಕ್ಸಿಗೆ ಮುಚ್ಚಳ ಇಲ್ಲದ ಹಾಗೆ. ಹಾಗಾಗಿ ತಗಡಿನ ಮನೆಗೆ ಗೋಡೆಯ ತಲೆಯ ಮೇಲಿನ ಬ್ಯಾಂಡ್ ಇನ್ನೂ ಮುಖ್ಯ. ಮೇಲಾಗಿ ಏಪ್ರಿಲ್-ಮೇ ಬಿಸಿಲಲ್ಲಿ ವಯಸ್ಸಾದವರು ಅದರ ಕೆಳಗೆ ಹೇಗಿರ್ತಾರೆ, ಅದನ್ನೂ ಯೋಚಿಸಿ.

ಪ್ರಶ್ನೆ: ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಗೋಡೆಗೂ ಇದೇ ನಿಯಮಾನಾ?

ಅಲ್ಲಿ ಭಾರ ಹೊರೋದು ಕಾಂಕ್ರೀಟ್ ಕಂಬ, ತೊಲೆ. ಇಟ್ಟಿಗೆ ಬರೀ ಮರೆ. ಅಲ್ಲಿನ ಪ್ರಶ್ನೆ ಬೇರೆ. ಕೆಳಗೆ ಪಾರ್ಕಿಂಗಿಗೆ ಅಂತ ಪೂರ್ತಿ ತೆರೆದು, ಮೇಲೆಲ್ಲ ಗೋಡೆ ತುಂಬಿದ ಕಟ್ಟಡಗಳು 2001ರಲ್ಲಿ ಭೂಕಂಪದ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಿದ್ದವು. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ. ನಿಮ್ಮ ಫ್ಲ್ಯಾಟಿಗೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿರ್ತಾರೆ. ಊರಿನ ಮನೆಗೆ ಆ ಸಹಿ ಇಲ್ಲ. ಅಲ್ಲಿ ಕೇಳೋರು ನೀವೇ ಆಗಬೇಕು.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಆಯ್ತಾ ಅಂತ ಕೇಳಿದ ಮೇಲೆ ಇನ್ನೊಂದು ಕೇಳಿ: ಮಾಳಿಗೆ ಮೇಲೆ ಮಣ್ಣು ಎಷ್ಟಿದೆ? ಅಲ್ಲಿಂದ ಶುರು ಮಾಡಬಹುದು.